ಸಾಕು ಎಂಬ ಮಾತು

ನಮ್ಮ ಊರಿಗೆ ಮೊದಲ ಸಲ ಬರುವವರು ಇಲ್ಲಿಯ ಗಾಳಿ ಸರಿಯಿಲ್ಲವೆಂದು ತಿಳಿಯುತ್ತಾರೆ. ಸಂತೆಯಲ್ಲಿ, ಗುಡಿಯಲ್ಲಿ, ಊಟದ ಪಂಕ್ತಿಯಲ್ಲಿ, ಎಲ್ಲಿ ನೋಡಿದರೂ ಜನ ಕೆಮ್ಮುತ್ತಿರುತ್ತಾರೆ. ಗಾಳಿಯದೇನೂ ತಪ್ಪಿಲ್ಲ. ಮಾತನಾಡುತ್ತಿರುವವರ ಬಾಯಿಂದ ನಡುವೆ ಸಂಬಂಧವಿಲ್ಲದ ಒಂದು ಮಾತು ಉದುರಿದಾಗ ಎದುರಿಗಿದ್ದವರು ಕೆಮ್ಮಿ ಅದನ್ನು ಮುಚ್ಚಬೇಕು. ಅದು ನಮ್ಮಲ್ಲಿ ಮರ್ಯಾದೆ. ನಾನು ಕಂಡವರಲ್ಲಿ ಒಬ್ಬಳು ಮಾತ್ರ ತನಗಾಗಿ ಯಾರೂ ಕೆಮ್ಮುವುದು ಬೇಡವೆಂದಳು. ಅವಳು ನನ್ನ ಹೆಂಡತಿ ಚೆಲುವಾಜಮ್ಮ. ಅವಳು ಹೋಗಿ ಈ ಮಾಘಕ್ಕೆ ಒಂದು ವರ್ಷವಾಯಿತು. ಅವಳು ಮಾಡಿದ್ದನ್ನು ಬರೆದಿಡಬೇಕೆಂದು ಕೂತಿದ್ದೇನೆ. ಮುಗಿಯುವವರೆಗೆ ದೇವರು ಕೈಯನ್ನು ನಡುಗಿಸದಿರಲಿ.

ನಮ್ಮಲ್ಲಿ ಯಾರನ್ನಾದರೂ ಕೊಂದರೆ ಸತ್ತವರ ಕೊನೆಯ ಮಾತು ಕೊಂದವರ ನಾಲಗೆಗೆ ಬಂದು ಕೂರುತ್ತದೆ. ಕೊಂದವನೊಬ್ಬನಿಗೇ ಅಲ್ಲ, ಅದರಲ್ಲಿ ಪಾಲಿರುವ ಎಲ್ಲರಿಗೂ. ಕತ್ತಿ ಹಿಡಿದವನಿಗೆ ಬರುತ್ತದೆ, ಮಸೆದುಕೊಟ್ಟವನಿಗೆ ಬರುತ್ತದೆ, ದಾರಿ ತೋರಿಸಿದವನಿಗೂ ಬರುತ್ತದೆ. ಕಂಡೂ ಕದ ಹಾಕಿಕೊಂಡವರಿಗೆ ಬಂದದ್ದೂ ಉಂಟು. ಬರುವುದು ಕಟ್ಟಕಡೆಯ ಒಂದೇ ಶಬ್ದ. ನಮ್ಮ ನುಡಿಯ ಕಟ್ಟು ಎಂಥದೆಂದರೆ ಯಾರು, ಯಾರಿಗೆ, ಏನನ್ನು ಎಂಬುದೆಲ್ಲ ಮೊದಲೇ ಬಂದುಹೋಗಿ, ಮಾಡುವುದು ಮಾತ್ರ ಕೊನೆಗೆ ಉಳಿಯುತ್ತದೆ. ಆದ್ದರಿಂದ ಊರಿನ ನಾಲಗೆಗಳ ಮೇಲೆ ಇರುವುದೆಲ್ಲ ‘ಬಂದೆ’, ‘ಕೊಡು’, ‘ಮರೆತೆ’ ಇಂಥವು. ಮಿಕ್ಕದ್ದು ಸತ್ತವರ ಹತ್ತಿರ ಇದ್ದವರಿಗೆ ಮಾತ್ರ ಗೊತ್ತು. ಹಿಂದೆ ಇದಕ್ಕೊಂದು ಪದ್ಧತಿಯಿತ್ತು. ಮಾತು ಬಂದವನು ಸತ್ತವರ ಮನೆಗೆ ಹೋಗಿ ಅದನ್ನು ಒಪ್ಪಿಸಬೇಕು. ಮನೆಯವರಿಗೆ ಮನಸ್ಸಾದರೆ ಮುಂಚಿನ ಶಬ್ದಗಳನ್ನು ಸೇರಿಸಿ ಮಾತನ್ನು ಪೂರ್ತಿ ಮಾಡಿಕೊಡುತ್ತಾರೆ. ಆಮೇಲೆ ಆ ಮಾತು ಕರೆದರೆ ಮಾತ್ರ ಬರುತ್ತದೆ. ನನ್ನ ಕಾಲಕ್ಕೆ ಆ ಪದ್ಧತಿ ಹೋಗಿ ಕೆಮ್ಮು ಉಳಿದಿತ್ತು. ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು ಓಡಾಡುವ ಪಹರೆಯವರು, ವಾರಕ್ಕೆ ನಾಲ್ಕು ದಿನ ಮೌನವ್ರತ ಹಿಡಿಯುವ ಮುಖಂಡರು ಊರಲ್ಲಿ ತುಂಬಿದ್ದರು.

ಊರಿನಲ್ಲಿ ಎರಡು ಜನ. ನಾವು ಬಂದವರು, ಅವರು ಇದ್ದವರು. ನಮ್ಮ ಹಿರಿಯರು ಊರೂರುಗಳಿಂದ ಅಟ್ಟಿಸಿಕೊಂಡು, ಮನೆಗಳನ್ನು ಸುಡಿಸಿಕೊಂಡು, ತಮ್ಮ ಹಿರಿಯರ ಹಿರಿಯರು ಬಾಳಿದ್ದ ಈ ಬೆಟ್ಟದ ತಪ್ಪಲಿಗೆ ತಿರುಗಿ ಬಂದರು. ಬಂದಾಗ ಇಲ್ಲಿ ಅವರಿದ್ದರು. ಎಷ್ಟೋ ತಲೆಮಾರುಗಳಿಂದ ಇದ್ದರು. ನಾವು ನೆಲೆಯೂರಿದ ವರ್ಷ ಅವರಲ್ಲಿ ಅರ್ಧದಷ್ಟು ಜನ ಮನೆ ಬಿಟ್ಟು ಹೊರಡಬೇಕಾಯಿತು. ಬೆಟ್ಟದ ಮೇಲೆ ಇರುವುದು ಒಬ್ಬನೇ ದೇವರು, ಗುಡಿಗೆ ಎರಡು ಬಾಗಿಲು. ನಡುವೆ ನಾವು ಕಟ್ಟಿದ ಗೋಡೆ, ಗೋಡೆಗೆ ಒಂದು ದಿಡ್ಡಿ. ಅವರ ಹೊಲಗಳು ಕೆಲವು ಗೋಡೆಯ ಈಚೆಗೆ ಉಳಿದವು. ಆಸ್ಪತ್ರೆಯೂ ಈಚೆಗೇ ಇದೆ. ದಿಡ್ಡಿ ದಾಟಲು ಅವರಿಗೆ ಚೀಟಿ ಬೇಕು. ಅವರಲ್ಲಿ ಕೆಲವರು ನಮ್ಮ ಸಂತೆಯಲ್ಲಿ ಬಾಂಬು ಇಡುತ್ತಿದ್ದರು. ನಮ್ಮ ಪಹರೆಯವರು ಅವರ ಓಣಿಗಳಿಗೆ ನುಗ್ಗಿ ಮನೆಗಳನ್ನು ಕೆಡವುತ್ತಿದ್ದರು. ಮೊದಲು ಯಾರು ಎಂದು ಕೇಳಿದರೆ ಎರಡು ಕಡೆಯೂ ಉತ್ತರ ಸಿದ್ಧವಿತ್ತು: ಅವರು.

ನಾನು ದಿಡ್ಡಿಯ ಬಾಯಲ್ಲಿ, ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆಯುತ್ತಿದ್ದೆ. ಜನ ನನ್ನನ್ನು ಅರ್ಜಿ ಶ್ಯಾಮಯ್ಯ ಎನ್ನುತ್ತಿದ್ದರು. ಎರಡು ಕಡೆಯವರೂ ನನ್ನ ಬಳಿ ಬರೆಸುತ್ತಿದ್ದರು. ನಾನು ಬರೆದ ಅರ್ಜಿಗೆ ಅಮಲ್ದಾರರು ಸಹಿ ಹಾಕಿದರೆ ಚೀಟಿಯಾಗುತ್ತಿತ್ತು.

ನಮಗೆ ಒಬ್ಬನೇ ಮಗ, ವರದ. ಅವನಿಗೆ ಇಪ್ಪತ್ತಾರು ತುಂಬಿದ ವರ್ಷ ತಾಯಿಯ ಕನ್ನಡಕದ ಕಡ್ಡಿ ಮುರಿದಿತ್ತು. ಅದನ್ನು ಸರಿಮಾಡಿಸಿ ತರುತ್ತೇನೆಂದು ಸಂತೆಬೀದಿಗೆ ಹೋದವನು ಕನ್ನಡಕದ ಅಂಗಡಿಯ ಮುಂದೆ ನಿಂತಿದ್ದಾಗ ಬಾಂಬು ಸಿಡಿಯಿತು. ಆಚೆಯ ಹೆಂಗಸೊಬ್ಬಳು ಅದನ್ನು ಕೂಸಿನ ಗಂಟಿನಂತೆ ಬೆನ್ನಿಗೆ ಕಟ್ಟಿಕೊಂಡು ದಿಡ್ಡಿ ದಾಟಿ ಬಂದಿದ್ದಳು. ಹನ್ನೊಂದು ಜನ ಸತ್ತರು. ನಮಗೆ ಮಗನ ದೇಹ ಸಿಕ್ಕಿತು, ಕನ್ನಡಕವೂ ಸಿಕ್ಕಿತು. ಅವನ ಕೊನೆಯ ಮಾತು ಸಿಗಲಿಲ್ಲ. ಅದು ಆಚೆಯ ಯಾವುದೋ ನಾಲಗೆಗಳ ಮೇಲೆ ಇರಲೇಬೇಕು. ಚೆಲುವಾಜಮ್ಮ ಕನ್ನಡಕಕ್ಕೆ ದಾರ ಸುತ್ತಿ ಹಾಕಿಕೊಂಡಳು, ಹೊಸದು ಕೊಡಿಸಲು ಬಿಡಲಿಲ್ಲ.

ಆಮೇಲೆ ಅವಳು ತಾನೇ ಕೇಳಿಕೊಂಡು ದಿಡ್ಡಿಯ ಕೆಲಸಕ್ಕೆ ಸೇರಿದಳು. ಆಚೆಯಿಂದ ಬರುವ ಹೆಂಗಸರನ್ನು ಮರೆಗೆ ಕರೆದು ಸೆರಗು, ಸೊಂಟ, ಗಂಟು ತಡವಿ ನೋಡುವ ಕೆಲಸ. ಒರಟಾಗಿ ಮಾಡಿದಳೆಂದು ಯಾರೂ ದೂರಲಿಲ್ಲ. ಆದರೆ ಬೇಗ ಮಾಡಿದಳೆಂದೂ ಯಾರೂ ಹೇಳಲಿಲ್ಲ. ಹೀಗೆ ಆರು ವರ್ಷ ನಡೆಯಿತು.

ಒಂದು ವೈಶಾಖದ ಮಧ್ಯಾಹ್ನ ಆಚೆಯ ಸಾವಂತ್ರಿ ಎಂಬ ಹೆಂಗಸು ಒಂದೂವರೆ ವರ್ಷದ ಹೆಣ್ಣುಮಗುವನ್ನು ಬೆನ್ನಿಗೆ ಕಟ್ಟಿಕೊಂಡು ದಿಡ್ಡಿಗೆ ಬಂದಳು. ಜೊತೆಗೆ ಅವಳ ಅತ್ತೆ ಫಕೀರವ್ವ. ಮಗುವಿಗೆ ಮೂರು ದಿನದ ಜ್ವರ, ಆಸ್ಪತ್ರೆಗೆ ಹೋಗಬೇಕು, ಕೈಯಲ್ಲಿ ಚೀಟಿ ಇರಲಿಲ್ಲ. ಪಹರೆಯ ಕೆಂಪಣ್ಣ ನನ್ನ ಹೆಂಡತಿಯ ಕಡೆ ತಿರುಗಿ, “ಏನಕ್ಕ, ಮಗೀಗೆ ಉಸಾರಿಲ್ವಂತೆ, ಬಿಟ್ಬುಡನಾ?” ಎಂದು ಕೇಳಿದ. ಚೆಲುವಾಜಮ್ಮ ಬೆನ್ನಿನ ಗಂಟನ್ನು ನೋಡಿದಳು. “ಕಾಯಲಿ” ಎಂದಳು.

ಸಾವಂತ್ರಿ ಕಾದಳು. ಬೆಳಗಿನಿಂದ ಕಾದಿದ್ದವರು ಬೇರೆ ಇದ್ದರು. ಬಿಸಿಲು ಏರಿತು, ನೂಕುನುಗ್ಗಲಾಯಿತು, ಯಾರೋ ಕಲ್ಲು ಬೀಸಿದರು, ಪಹರೆಯವರು ಗುಂಡು ಹಾರಿಸಿದರು. ಒಂದು ಗುಂಡು ಸಾವಂತ್ರಿಯ ಕುತ್ತಿಗೆಗೆ ಬಿತ್ತು. ಅವಳು ಮಗುವಿನ ಗಂಟು ಬಿಚ್ಚಿ ಅತ್ತೆಯ ಕೈಗಿಟ್ಟು ಏನೋ ಹೇಳಿ ಕುಸಿದಳಂತೆ. ನಾನು ಆಗ ಬೆಟ್ಟದ ಗುಡಿಯಲ್ಲಿದ್ದೆ. ಮಹಾಮಂಗಳಾರತಿಯ ಗಂಟೆ ಬಾರಿಸುತ್ತಿರುವಾಗಲೇ ಗುಂಡಿನ ಸದ್ದು ಕೇಳಿತು.

ಸಂಜೆ ಚೆಲುವಾಜಮ್ಮ ಮಿಂದು ದೇವರಿಗೆ ದೀಪ ಹಚ್ಚಿದಳು. “ದೇವಾ, ಕಾಪಾಡು” ಎಂದಳು. ಅದರ ಬೆನ್ನಿಗೇ ಅವಳ ಬಾಯಿ ತಾನಾಗಿ “ಸಾಕು” ಎಂದಿತು. ನಾನು ಕೆಮ್ಮಿದೆ. ಅವಳು ನನ್ನ ಕಡೆ ತಿರುಗಿ, “ಕೆಮ್ಮಬೇಡಿ. ನಂಗೆ ಗೊತ್ತಾಯ್ತು” ಎಂದಳು.

ಆ ವಾರ ಊರಿನಲ್ಲಿ ಎಷ್ಟೋ ಬಾಯಿಗಳಿಂದ ಸಾಕು ಉದುರತೊಡಗಿತು. ಕೆಂಪಣ್ಣ ನಮ್ಮ ಮನೆಗೆ ಬಂದು ಜಗುಲಿಯ ಮೇಲೆ ಕೂತು ನೆಮ್ಮದಿಯಿಂದಲೇ ಹೇಳಿದ: “ಅಕ್ಕ, ಈ ಸಲ ಒಳ್ಳೆ ಮಾತೇ ಬಂದದೆ ಬುಡಿ. ಹಿಂದ್ಗಡೆ ನಂಗೆ ‘ಒದ್ದೆಯಾಯ್ತು’ ಅಂತ ಒಂದು ಬಂದಿತ್ತು, ಮಾವನ ಮನೆಗೆ ಹೋಗಂಗಿರ್ಲಿಲ್ಲ. ಸಾಕು ಅನ್ನೋದ ಯಾರು ತಾನೆ ಕಂಡುಹಿಡೀತಾರೆ? ದಿನಕ್ಕೆ ನೂರು ಸಲ ಅನ್ನೋ ಮಾತು.”

ಅವನು ಹೇಳಿದ್ದು ಅರ್ಧ ನಿಜ. ಪಂಕ್ತಿಯಲ್ಲಿ ಅದು ತೊಂದರೆ ಕೊಡುತ್ತಿತ್ತು. ಬಡಿಸುವವರು ಸೌಟು ಎತ್ತುವ ಮೊದಲೇ ದೊಡ್ಡದೊಡ್ಡವರ ಬಾಯಿ ಸಾಕು ಎನ್ನುತ್ತಿತ್ತು, ಬಡಿಸುವವರು ಮುಂದೆ ಹೋಗುತ್ತಿದ್ದರು. ನಮ್ಮ ಪುರಸಭೆಯ ಅಧ್ಯಕ್ಷರು ಒಂದು ಮದುವೆಯಲ್ಲಿ ಹೋಳಿಗೆಯ ತಟ್ಟೆ ಮೂರು ಸಲ ದಾಟಿ ಹೋಗುವುದನ್ನು ಕಣ್ಣುಬಿಟ್ಟು ನೋಡುತ್ತ ಕೂತಿದ್ದರು. ಆ ವರ್ಷ ಹಲವರು ಇಳಿದುಹೋದರು. ನಾನೂ ಇಳಿದೆ. ಮಗನ ದುಃಖ ತಡವಾಗಿ ಮೈಗೆ ಹತ್ತಿತೆಂದು ನೆಂಟರು ಅಂದುಕೊಂಡರು. ಚೆಲುವಾಜಮ್ಮ ಮಾತ್ರ ನಾನು ಸಾಕು ಎಂದರೂ ಕಿವಿ ಕೇಳದವಳ ಹಾಗೆ ಇನ್ನೊಂದು ಸೌಟು ಹಾಕಿಬಿಡುತ್ತಿದ್ದಳು.

ಅಷ್ಟರಲ್ಲಿ ಆ ಮಾತಿಗೆ ಎರಡು ಕಡೆಯೂ ಒಡೆಯರು ಹುಟ್ಟಿಕೊಂಡರು. ನಮ್ಮ ಅಧ್ಯಕ್ಷರು ಸಭೆಯಲ್ಲಿ, ಸತ್ತ ಹೆಂಗಸೇ ಸಾಕು ಎಂದಿದ್ದಾಳೆ, ತನ್ನ ಕಡೆಯವರ ಪುಂಡಾಟ ಅವಳಿಗೂ ಸಾಕಾಗಿತ್ತು ಎಂದರು. ಆಚೆಯ ತರುಣರು ಗೋಡೆಯ ತಮ್ಮ ಮೈಗೆ ಟಾರಿನಲ್ಲಿ ಆಳೆತ್ತರದ ಅಕ್ಷರ ಬರೆದರು: ಸಾಕು. ನಿಮ್ಮ ಆಳ್ವಿಕೆ ಸಾಕು ಎಂದು ಅವರ ಅರ್ಥ. ಸಾವಂತ್ರಿ ಏನನ್ನು ಸಾಕು ಎಂದಳೆಂದು ಅವಳ ಮನೆಯವರನ್ನು ಯಾರೂ ಹೋಗಿ ಕೇಳಲಿಲ್ಲ.

ಚೆಲುವಾಜಮ್ಮನಿಗೆ ಪ್ರಾರ್ಥನೆ ಕೆಟ್ಟುಹೋಯಿತು. ಅವಳ ತಾಯಿ ದೇವರ ಹೆಸರು ಹೇಳುತ್ತ ಕಣ್ಣುಮುಚ್ಚಿದವರು. ತನಗೂ ಅಂಥ ಸಾವು ಬರಬೇಕೆಂದು ಅವಳು ಮದುವೆಯಾಗಿ ಬಂದಾಗಿನಿಂದ ಬೇಡುತ್ತಿದ್ದಳು. ಬೇರೇನನ್ನೂ ತನಗಾಗಿ ಬೇಡಿದವಳಲ್ಲ. “ಅವನ ಹೆಸರು ಹೇಳಿದ ಕೂಡಲೆ ಹಿಂದಿನಿಂದ ಸಾಕು ಅಂತ ಬರ್ತದಲ್ರೀ. ಅವನನ್ನೇ ಸಾಕು ಅಂದ ಹಾಗೆ. ನಾಳೆ ಸಾಯೋವಾಗಲೂ ಹೀಗೇ ಆದ್ರೆ?” ಎಂದಳು. ಎರಡು ತಿಂಗಳು ನೋಡಿದಳು. ಮೂರನೆಯ ತಿಂಗಳು ನನ್ನ ಮೇಜಿನ ಮುಂದೆ, ಸರದಿಯಲ್ಲಿ ನಿಂತು, ತನ್ನ ಪಾಳಿ ಬಂದಾಗ “ಒಂದು ಅರ್ಜಿ ಬರೆದುಕೊಡಿ. ಆಚೆಗೆ ಹೋಗಬೇಕು” ಎಂದಳು.

ನಾನು ರೂಢಿಯಂತೆ ‘ನಾಟಿ ಔಷಧಿ ತರುವ ಸಲುವಾಗಿ’ ಎಂದು ಬರೆದೆ. ಅವಳು ದಾರದ ಕನ್ನಡಕ ಸರಿಮಾಡಿಕೊಂಡು ಓದಿದಳು.

“ಇದನ್ನ ಹೊಡೆದುಹಾಕಿ. ಮಾತು ಒಪ್ಪಿಸುವ ಸಲುವಾಗಿ ಅಂತ ಬರೀರಿ.”

“ಹಾಗೆ ಬರೆದು ಮೂವತ್ತು ವರ್ಷವಾಯ್ತು ಚೆಲುವಾ. ಅಮಲ್ದಾರರು ಸಹಿ ಹಾಕಲ್ಲ.”

“ಹಾಕದಿದ್ರೆ ನಾಳೆ ಮತ್ತೆ ಬರೆಸ್ತೀನಿ. ದಿನಾ ಬರೀರಿ. ಅದು ನಿಮ್ಮ ಕೆಲಸವೇ ತಾನೆ?”

ಅಮಲ್ದಾರರು ಅರ್ಜಿ ನೋಡಿ ನಕ್ಕರು. “ಏನಮ್ಮ, ನಿಮ್ಮ ಮಗನ್ನ ಕೊಂದೋರ ಬಾಗಿಲಿಗೆ ನೀವಾಗಿ ಹೋಗಿ ಕೈಮುಗೀತೀರೋ?”

“ನನ್ನ ಮಗನ ಲೆಕ್ಕ ಅವರು ಒಪ್ಪಿಸ್ಲಿ, ಬಿಡ್ಲಿ. ಇದು ನಾನು ಒಪ್ಪಿಸಬೇಕಾದ್ದು, ಸ್ವಾಮಿ” ಎಂದಳು.

ಒಂಬತ್ತು ದಿನ ಬರೆದೆ. ಒಂಬತ್ತನೆಯ ದಿನ ಅವರು ಬೇಸತ್ತು ಸಹಿ ಹಾಕಿದರು. ನಾನು ದಿಡ್ಡಿಯವರೆಗೆ ಹೋದೆ. ಅಲ್ಲಿಂದ ಮುಂದೆ ಹೋಗಲಿಲ್ಲ. ಅವಳು ಕರೆಯಲೂ ಇಲ್ಲ.

ಆಚೆ ನಡೆದದ್ದನ್ನು ಅವಳು ನನಗೆ ಹೇಳಿದಂತೆಯೇ ಬರೆಯುತ್ತೇನೆ. ಅವಳು ಸೇರಿಸಿ ಹೇಳುವವಳಲ್ಲ.

ಫಕೀರವ್ವ ಅಂಗಳದಲ್ಲಿ ಒಲೆ ಹೂಡಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ತಲೆಯೆತ್ತಿ ನೋಡಿದಳು. “ದಿಡ್ಡ್ಯಾಗ ನಮ್ಮ ಸೀರಿ ತಡವಿ ನೋಡಾಕಿ ಅಲ್ಲೇನ ನೀ?”

“ಹೌದು, ನಾನೇ.”

“ಇವತ್ತ ನಮ್ಮ ಬಾಗಲಾಗ ನಿಂತೀದಿ. ನಿನ್ನ ಸೀರಿ ನಾ ತಡವಲೇನ?”

ಅವಳು ಚುಚ್ಚಲೆಂದು ಹೇಳಿದ್ದು. ಚೆಲುವಾಜಮ್ಮ ಎರಡು ಕೈಗಳನ್ನೂ ಅಗಲಿಸಿ ನಿಂತಳು. ಫಕೀರವ್ವ ಹಿಟ್ಟಿನ ಕೈ ಒರೆಸಿಕೊಂಡು ಎದ್ದು ಬಂದು ನಿಜವಾಗಿಯೂ ತಡವಿದಳು. ಸೆರಗು, ಸೊಂಟ, ಬೆನ್ನು, ಒಂದೂ ಬಿಡಲಿಲ್ಲ. ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ನಿಂತರು. “ಭಾಳ ಸಾವಕಾಶ ನೋಡ್ತೀನವ್ವಾ ನಾ, ನಿನ್ನಂಗ” ಎಂದಳು. ಮುಗಿದ ಮೇಲೆ, “ಹೂಂ, ಒಳಗ ಬಾ” ಎಂದಳು.

“ನಿಮ್ಮ ಸೊಸೆಯ ಮಾತು ನನ್ನ ಹತ್ತಿರ ಇದೆ. ಒಪ್ಪಿಸೋಕೆ ಬಂದಿದೀನಿ.”

“ಗುಂಡ ನೀ ಹಾರಿಸಿದೇನ?”

“ಇಲ್ಲ. ಬಿಡೋದಾ ಅಂತ ನನ್ನ ಕೇಳಿದ್ರು. ನಾನು ಕಾಯಲಿ ಅಂದೆ.”

“ಯಾಕಂದಿ?”

“ಬೆನ್ನಿನ ಗಂಟು ನೋಡಿ ಭಯವಾಯ್ತು. ಅದೊಂದೇ ಅಲ್ಲ. ನನ್ನ ಮಗ ಹೋದ ಮೇಲೆ ನಿಮ್ಮ ಕಡೆಯೋರು ಬಿಸಿಲಲ್ಲಿ ಕಾಯೋದನ್ನ ನೋಡಿದ್ರೆ ನನಗೆ ಸಮಾಧಾನ ಆಗ್ತಿತ್ತು. ದೇವರ ಮುಂದೆ ಹೇಳಿದೀನಿ, ನಿಮ್ಮ ಮುಂದೂ ಹೇಳ್ತೀನಿ.”

ಹೆಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು. ಇಬ್ಬರೂ ತೆಗೆಯಲಿಲ್ಲ.

“ಅನ್ನು ನೋಡೂಣು” ಎಂದಳು ಫಕೀರವ್ವ.

“ಸಾಕು.”

ಫಕೀರವ್ವ ಕಣ್ಣು ಮುಚ್ಚಿಕೊಂಡಳು. ಆ ದನಿ ಚೆಲುವಾಜಮ್ಮನದಾದರೂ ಒತ್ತು ಸಾವಂತ್ರಿಯದಿರಬೇಕು. ಆಮೇಲೆ ಅವಳು ಹೇಳಿದಳು: “ನಿಮ್ಮವರು ಒಂದು ಅರ್ಥ ಹಚ್ಚಿದ್ರು, ನಮ್ಮ ಹುಡುಗರು ಗ್ವಾಡಿ ಮ್ಯಾಲ ಒಂದು ಬರದ್ರು. ಅಕಿ ಯಾರಿಗೂ ಸಾಕು ಅಂದಿಲ್ಲವ್ವಾ. ಯಾರಿಗಾರ ಸಾಕು ಅನ್ನೂವಷ್ಟು ಪುರಸೊತ್ತು ಅಕಿಗೆ ಎಲ್ಲಿತ್ತು? ಕೂಸಿನ್ನ ನನ್ನ ಕೈಯಾಗ ಇಟ್ಟು ‘ಅತ್ತಿ, ನನ್ನ ಹೊನ್ನಿನ್ನ ನೀ ಸಾಕು’ ಅಂದ್ಲು.”

ಮಗ ಸತ್ತಾಗಲೂ ಹತ್ತು ಜನರ ಮುಂದೆ ಅಳದ ನನ್ನ ಹೆಂಡತಿ ಅಲ್ಲಿ ಒಲೆಯ ಮುಂದೆ ಕೂತು ಅತ್ತಳು. ಫಕೀರವ್ವ ಅವಳನ್ನು ಸಮಾಧಾನ ಮಾಡಲಿಲ್ಲ. “ನಾ ನಿನ್ನ ಮಾಫ ಮಾಡಿಲ್ಲ, ತಿಳೀತಿಲ್ಲೋ? ಮಾತು ಕೂಡಿಸಿ ಕೊಟ್ಟೀನಿ, ಅಷ್ಟ” ಎಂದಳು. ಮತ್ತೆ ಹೇಳಿದಳು: “ನಿನ್ನ ಮಗನ ಮಾತು ಎಲ್ಲೈತಿ ಅಂತ ನನಗ ಗೊತ್ತು. ನನ್ನ ತಮ್ಮ ಕಲ್ಲಪ್ಪನ ಬಾಯಾಗೈತಿ. ಸಾವಂತ್ರಿ ಅವನ ಮಗಳು. ಉಣ್ಣೂವಾಗ, ನಿದ್ದ್ಯಾಗ ಅಂತಾನ. ಹೇಳಲೇನ?”

ಆರು ವರ್ಷ ಅವಳು ಅದೊಂದು ಶಬ್ದಕ್ಕಾಗಿ ಹಸಿದಿದ್ದಳು. ನಾನಾಗಿದ್ದರೆ ಹೇಳು ಎನ್ನುತ್ತಿದ್ದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ಬೇಡಿ. ನೀವು ಹೇಳಿದ್ರೆ ನಂಗೆ ಮಾತು ಸಿಗ್ತದೆ, ಅವರಿಗೆ ಏನೂ ಸಿಗಲ್ಲ. ಮಗಳನ್ನ ಕಳಕೊಂಡಿರೋ ಮನುಷ್ಯ. ಅವರಾಗಿ ತಂದ ದಿನ ಕೇಳ್ತೀನಿ” ಎಂದಳು. ಫಕೀರವ್ವ ಕರಕು ರೊಟ್ಟಿಯನ್ನು ತೆಗೆದಿಟ್ಟು, ಹೊಸದೊಂದನ್ನು ಬಡಿದು ಅವಳ ಮುಂದಿಟ್ಟಳಂತೆ.

ಆ ಸಂಜೆ ನಮ್ಮ ಮನೆಯಲ್ಲಿ ದೇವರ ಹೆಸರಿನ ಹಿಂದೆ ಏನೂ ಬರಲಿಲ್ಲ. ಅವಳು ಮತ್ತೆಮತ್ತೆ ಹೇಳಿ ನೋಡಿದಳು. ನಾನು ಬಾಗಿಲಿನ ಹೊರಗೆ ನಿಂತು ಕೇಳಿದೆ.

ಅಲ್ಲಿಗೆ ಮುಗಿಸಬಹುದಾಗಿತ್ತು. ಅವಳು ಮುಗಿಸಲಿಲ್ಲ. “ಸಾಕು ಅಂತ ನನ್ನ ನಾಲಗೆಗೂ ಬಂತಲ್ಲ. ಹಾಗಾದ್ರೆ ನಂಗೂ ಹೇಳಿದ ಹಾಗೇ” ಎಂದಳು. ದಿಡ್ಡಿಯ ಕೆಲಸ ಬಿಟ್ಟಳು. ಪ್ರತಿ ತಿಂಗಳು ಅರ್ಜಿ ಬರೆಸಿ ಆಚೆಗೆ ಹೋದಳು. ಹೊನ್ನಿಯನ್ನು ಸೊಂಟದ ಮೇಲಿಟ್ಟುಕೊಂಡು, ಪಹರೆಯವರ ಮುಂದೆಯೇ, ಈಚೆಯ ಆಸ್ಪತ್ರೆಗೆ ಕರೆತಂದಳು. ಪುರಸಭೆಯ ಸಭೆಯಲ್ಲಿ ಎದ್ದು ನಿಂತು, “ಅಧ್ಯಕ್ಷರೇ, ಆ ಹುಡುಗಿ ಹೇಳಿದ್ದು ಸಾಕು ಅಂತಲ್ಲ, ಸಾಕು ಅಂತ” ಎಂದಳು. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. “ಏನಮ್ಮ, ಸಾಕು ಅಲ್ಲ, ಸಾಕು ಅಂತೀಯಲ್ಲ, ತಲೆ ನೆಟ್ಟಗಿದೆಯಾ?” ಎಂದು ಒಬ್ಬರು ಕೂಗಿದರು. ನಗು ಇಳಿಯುವವರೆಗೂ ಅವಳು ನಿಂತೇ ಇದ್ದು, ಆಮೇಲೆ ಸಾವಂತ್ರಿಯ ಮಾತನ್ನು ಪೂರ್ತಿ ಹೇಳಿದಳು. ಯಾರೂ ನಗಲಿಲ್ಲ, ಯಾರೂ ಕೆಮ್ಮಲೂ ಇಲ್ಲ. ಅಧ್ಯಕ್ಷರ ಬಾಯಿ ಅಷ್ಟರಲ್ಲಿ ತಾನಾಗಿ ಸಾಕು ಎಂದಿತು. ಆ ಒಂದು ಕ್ಷಣ ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು.

ಅದರ ಫಲವಾಗಿ ನಮ್ಮ ಮನೆಯ ಬಾಗಿಲಿಗೆ ಟಾರು ಬಿತ್ತು, ನೀರಿನ ತೊಟ್ಟಿಗೆ ಕಸ ಬಿತ್ತು. ನೆಂಟರು ಶ್ರಾದ್ಧಕ್ಕೂ ಬರುವುದನ್ನು ಬಿಟ್ಟರು. ಆಚೆಯಲ್ಲೂ ಫಕೀರವ್ವನ ಅಂಗಳಕ್ಕೆ ಕಲ್ಲು ಬಿದ್ದವು, ಬಂದವರ ಹೆಂಗಸಿಗೆ ರೊಟ್ಟಿ ಹಾಕಿದಳೆಂದು. ಬಾಂಬುಗಳೇನೂ ನಿಲ್ಲಲಿಲ್ಲ, ಮನೆ ಕೆಡವುವುದೂ ನಿಲ್ಲಲಿಲ್ಲ. ಆದರೆ ಎರಡು ವರ್ಷದ ಮೇಲೆ ಒಂದು ಬೆಳಗ್ಗೆ ಕೆಂಪಣ್ಣ ಬಾಯಿಯ ಎಲೆಅಡಿಕೆ ಉಗಿದು ಬಂದು, ಜಗುಲಿಯ ಮೇಲೆ ಕೂರದೆ ಕೆಳಗೆ ನಿಂತು, “ಅಕ್ಕ, ಆ ಮನೆ ಯಾವ ಓಣೀಲದೆ?” ಎಂದು ಕೇಳಿದ. ಗುಂಡು ಹಾರಿಸಿದವನು ಅವನು. ಫಕೀರವ್ವ ಅವನಿಗೆ ಮಾತು ಕೂಡಿಸಿಕೊಡಲಿಲ್ಲ, ಬಾಗಿಲಿಂದಲೇ ತಿರುಗಿ ಕಳಿಸಿದಳು. ಅವನು ವರ್ಷಕ್ಕೊಮ್ಮೆ ಇಂದಿಗೂ ಹೋಗುತ್ತಾನೆ. ಯಾರ ಪಾಲು ಎಷ್ಟು ಎಂದು ನಾಲಗೆಗೆ ಗೊತ್ತಿಲ್ಲ, ಎಲ್ಲರಿಗೂ ಒಂದೇ ಮಾತು ಕೊಡುತ್ತದೆ. ತೂಗುವುದು ಮನೆಯವರ ಕೆಲಸ, ಆಮೇಲೆ ದೇವರ ಕೆಲಸ.

ಐದನೆಯ ವರ್ಷ ಚೆಲುವಾಜಮ್ಮನಿಗೆ ಎದೆಯ ಬೇನೆ ಬಂತು. ಮಾಘದ ಒಂದು ಬೆಳಗ್ಗೆ, ಎಳೆಬಿಸಿಲು ಹಾಸಿಗೆಗೆ ಬೀಳುತ್ತಿದ್ದಾಗ, ಉಸಿರು ಮೇಲಾಯಿತು. ಅವಳ ತಂಗಿ ಬಾಯಿಗೆ ತೀರ್ಥ ಬಿಟ್ಟು, “ಅಕ್ಕಾ, ದೇವರ ಹೆಸರು ಹೇಳೇ” ಎಂದಳು. ಜೀವಮಾನವೆಲ್ಲ ಅವಳು ಕಾದಿದ್ದು ಅದಕ್ಕೆ. ನಾಲಗೆ ಶುದ್ಧವಾಗಿತ್ತು, ಅಡ್ಡಿಯೇನೂ ಇರಲಿಲ್ಲ. ಅವಳು ದೇವರ ಪಟದ ಕಡೆ ನೋಡಲಿಲ್ಲ. ನನ್ನನ್ನು ನೋಡಿದಳು. ತುಟಿ ಎರಡು ಮೂರು ಸಲ ಆಡಿದ್ದು ಕಂಡಿತು, ದನಿ ಬಂದದ್ದು ಕೊನೆಯ ಶಬ್ದಕ್ಕೆ ಮಾತ್ರ. “ಹೋಗಿ” ಎಂದಳು. ಹೊರಟುಹೋದಳು.

“ಪಾಪ, ಸಂಕಟಕ್ಕೆ ಎಲ್ಲರನ್ನೂ ಹೋಗಿ ಅಂದ್ಲು” ಎಂದಳು ತಂಗಿ. ಆ ಮಾತಿನ ಮುಂಚಿನ ಶಬ್ದಗಳು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿದ್ದವು.

ಇಷ್ಟು ಹೊತ್ತು ಬರೆಯದೆ ಉಳಿಸಿದ್ದನ್ನು ಈಗ ಬರೆಯಬೇಕು. ಆ ವೈಶಾಖದ ಮಧ್ಯಾಹ್ನ ಸಾವಂತ್ರಿಯ ಕೈಯಲ್ಲಿ ಚೀಟಿ ಇಲ್ಲದಿದ್ದದ್ದು ಅರ್ಜಿ ಇಲ್ಲದ್ದರಿಂದ. ಅವಳೂ ಫಕೀರವ್ವನೂ ಮೊದಲು ನನ್ನ ಮೇಜಿನ ಹತ್ತಿರವೇ ಬಂದಿದ್ದರು. ಮಗುವಿನ ಹಣೆ ಮುಟ್ಟಿ ನೋಡಿ ಎಂದಳು ಆ ಹುಡುಗಿ. ನಾನು ಮಡಿಯಲ್ಲಿದ್ದೆ, ಮುಟ್ಟಲಿಲ್ಲ. ಬೆಟ್ಟದ ಮೇಲೆ ಮೊದಲ ಗಂಟೆ ಕೇಳಿಸಿತು. ನಲವತ್ತು ವರ್ಷ ತಪ್ಪಿಸದ ಪೂಜೆ. “ಮಂಗಳಾರತಿ ಮುಗಿಸಿಕೊಂಡು ಬಂದು ಬರೀತೀನಮ್ಮ” ಎಂದು ಮಸಿಯ ಕುಡಿಕೆಗೆ ಮುಚ್ಚಳ ಹಾಕಿ ಎದ್ದೆ. ಬರೆಯಲು ಬೇಕಾದದ್ದು ನಾಲ್ಕು ಸಾಲು. ಆ ಸಂಜೆ ಚೆಲುವಾಜಮ್ಮ ದೀಪದ ಮುಂದೆ ಸಾಕು ಎಂದಾಗ ನಾನು ಕೆಮ್ಮಿದ್ದು ಅವಳ ಮಾತನ್ನು ಮುಚ್ಚಲು ಅಲ್ಲ. ಅದೇ ಮಾತು ನನ್ನ ಬಾಯಿಗೂ ಬಂದಿತ್ತು. ಸುಮಾರು ಆರು ವರ್ಷ ಅದನ್ನು ಊಟದ ಎಲೆಯ ಮುಂದೆ ಉಗುಳಿದೆ. ಸಾಕು, ಸಾಕು ಎಂದು ಅರ್ಧ ಹೊಟ್ಟೆಯಲ್ಲಿ ಎದ್ದೆ. ದೇವರ ಪೂಜೆಗೆ ಹೋದದ್ದು ಪಾಪವಾಗುವುದು ಹೇಗೆ ಎಂದು ಅವನನ್ನೇ ದಿನವೂ ಕೇಳಿದೆ. ಅವನು ಒಂದು ಸೌಟಿನ ಮೂಲಕ ಉತ್ತರ ಕೊಡುತ್ತಿದ್ದ, ನನಗೆ ತಿಳಿಯಲಿಲ್ಲ.

ಅವಳ ವರ್ಷಾಬ್ದಿಕ ಮುಗಿದ ಮರುದಿನ ನನ್ನ ಮೇಜಿನ ಮುಂದೆ ಕೂತು, ಅವಳು ಹೋಗಿ ಎಂದ ಕಡೆಗೆ ಹೋಗಲು, ನನಗಾಗಿ ಒಂದು ಅರ್ಜಿ ಬರೆದೆ. ಅಮಲ್ದಾರರು ಓದಿ, ಈ ಸಲ ನಗದೆ, ನನ್ನ ಮುಖ ನೋಡಿ ಸಹಿ ಹಾಕಿದರು.

ಫಕೀರವ್ವನಿಗೆ ನನ್ನ ಗುರುತು ಹತ್ತಿತು. ತಡವಿ ನೋಡಲಿಲ್ಲ. “ಬಾ, ಪೂಜಿಗೆ ಹೋದಾಂವ. ಮುಗೀತೇನ ಪೂಜಿ?” ಎಂದಳು. ಅವಳು ತಟ್ಟೆ ಹಾಕಿ ರೊಟ್ಟಿ, ಪಲ್ಯ ಬಡಿಸಿದಳು. ನನ್ನ ಬಾಯಿ ಕೂಡಲೆ ಸಾಕು ಎಂದಿತು. ಅವಳು ಇನ್ನೊಂದು ರೊಟ್ಟಿ ಹಾಕಿದಳು. “ನಿನ್ನ ಹೆಂಡ್ತಿ ಹೇಳಿದ್ಲು, ಅಂವ ಸಾಕು ಅಂದ್ರ ಇನ್ನೊಂದು ಹಾಕ್ರಿ ಅಂತ.”

“ಅವಳಿಗೆ ಮೊದಲಿನಿಂದಲೂ ಗೊತ್ತಿತ್ತೆ?”

“ಮೊದಲನೇ ದಿನಾನ ನಾ ಹೇಳಿದ್ದೆ, ಬರಿಯಾಂವ ಪೂಜಿಗೆ ಎದ್ದು ಹೋದ ಅಂತ. ಅಕಿ ಅದರ ಮೊದಲ ತಿಳಕೊಂಡಿದ್ಲು. ಮತ್ತ ಯಾಕ ಕೇಳಲಿಲ್ಲ ಅವನ್ನ ಅಂದೆ. ‘ಅವರು ಬರ್ತಾರೆ, ತಡ ಆಗ್ತದೆ’ ಅಂದ್ಲು. ‘ನಿಮ್ಮ ಸೊಸೆನ್ನ ಕಾಯಲಿ ಅಂದವಳು ನಾನು. ನಾನೂ ಒಂದಿಷ್ಟು ಕಾಯ್ತೀನಿ’ ಅಂದ್ಲು.”

ಒಳಗಿನಿಂದ ಹೊನ್ನಿ ಬಂದಳು. ಏಳು ವರ್ಷದ ಹುಡುಗಿ, ಎಣ್ಣೆ ಹಚ್ಚಿ ಬಿಗಿದು ಹೆಣೆದ ಎರಡು ಜಡೆ. ನನ್ನ ಹೆಂಡತಿಯ ದಾರ ಸುತ್ತಿದ ಕನ್ನಡಕ ನನ್ನ ಅಂಗಿಯ ಜೇಬಿನಲ್ಲಿತ್ತು, ಅವಳು ಅದನ್ನು ಗುರುತಿಸಿ ನೋಡಿದಳು. “ಚೆಲುವಮ್ಮಾಯಿ ಗಂಡ ಏನು ಇಂವ?” ಎಂದು ಅಜ್ಜಿಯನ್ನು ಕೇಳಿದಳು. ಫಕೀರವ್ವ ಹೌದೆಂದಳು. ನಾನು ಕಾಯಲಿ ಎಂದವನಲ್ಲ, ಗುಂಡು ಹಾರಿಸಿದವನಲ್ಲ, ನಾಲ್ಕು ಸಾಲು ಬರೆಯದೆ ಎದ್ದುಹೋದವನು ಎಂದು ಹೇಳಿದೆ. ಮಡಿಯಲ್ಲಿದ್ದು ಹಣೆ ಮುಟ್ಟಲಿಲ್ಲವೆಂದೂ ಹೇಳಿದೆ. ಹೊನ್ನಿಗೆ ಎಷ್ಟು ತಿಳಿಯಿತೋ, ಕೈಯಲ್ಲಿದ್ದ ರೊಟ್ಟಿ ತಿನ್ನುತ್ತ ಕೇಳಿದಳು.

ಫಕೀರವ್ವ ಒಲೆಯ ಕಟ್ಟಿಗೆ ಒಳಕ್ಕೆ ನೂಕಿದಳು. ಆಮೇಲೆ, “ನಾ ಕೂಡಿಸಿ ಕೊಡೂದಿಲ್ಲ. ನನ್ನ ಕಡಿಂದ ಆಗೂದಿಲ್ಲ. ಕೂಸಿನ್ನ ಕೇಳು. ಮಾತು ಅಕಿದು” ಎಂದಳು.

ನಾನು ಹುಡುಗಿಯ ಕಡೆ ತಿರುಗಿದೆ. ನಾನು ಕೇಳುವ ಮೊದಲೇ ಅವಳು ಹತ್ತಿರ ಬಂದು, ನಾನು ಅಂದು ಮುಟ್ಟದ ಹಣೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ನಿಂತಳು. ನಾನು ಕೈಯಿಟ್ಟೆ. ತಣ್ಣಗಿತ್ತು. ಮನೆಯಲ್ಲಿ ದಿನವೂ ಕೇಳಿ ಬಾಯಿಪಾಠವಾದದ್ದನ್ನು ಹೇಳುವ ಹಾಗೆ ಅವಳು ಸಲೀಸಾಗಿ ಶುರುಮಾಡಿದಳು: “ಅತ್ತಿ, ನನ್ನ ಹೊನ್ನಿನ್ನ ನೀ...”

ಅಲ್ಲಿಗೆ ನಿಲ್ಲಿಸಿ, ಕೊನೆಯದನ್ನು ನನಗೆ ಬಿಟ್ಟಳು. ನಾನು ಹೇಳಿದೆ.